ಇಬಾಡಾನ್‌ನ ರಾಜನಾಗುವುದು ಹೇಗೆ? ಒಬ್ಬ ಕೆಮಿಕಲ್ ಎಂಜಿನಿಯರ್ ಹತ್ತಿದ ಏಣಿ

2025ರ ಸೆಪ್ಟೆಂಬರ್ 26ರಂದು ನೈಜೀರಿಯಾದ ಇಬಾಡಾನ್ ನಗರದಲ್ಲಿ ಒಬ್ಬ ಕೆಮಿಕಲ್ ಎಂಜಿನಿಯರ್‌ಗೆ ಪಟ್ಟ ಕಟ್ಟಿದರು. ಅವರ ಹೆಸರು ರಶೀದಿ ಅಡೆವೊಲು ಲಡೋಜಾ. ಹಿಂದಿನ ದಿನವಷ್ಟೇ ಅವರಿಗೆ 81 ತುಂಬಿತ್ತು. ಬೆಲ್ಜಿಯಂನಲ್ಲಿ ಓದಿ, ತೈಲ ಕಂಪನಿಯಲ್ಲಿ ದುಡಿದು, ಸ್ವಂತ ವ್ಯಾಪಾರ ಮಾಡಿ, ಸೆನೆಟರ್ ಆಗಿ, ಆಮೇಲೆ ತಮ್ಮ ರಾಜ್ಯದ ಗವರ್ನರ್ ಕೂಡ ಆಗಿದ್ದವರು. (ಅಲ್ಲಿ ಗವರ್ನರ್ ಅಂದರೆ ಜನ ವೋಟು ಹಾಕಿ ಆರಿಸಿದವರು. ನಮ್ಮ ಮುಖ್ಯಮಂತ್ರಿಯ ಜಾಗ ಅದು.) ಇಷ್ಟೆಲ್ಲ ಆದ ಮೇಲೆ ಅವರು 44ನೇ ಒಲುಬಾಡಾನ್ ಆದರು. ಒಲುಬಾಡಾನ್ ಅಂದರೆ ಇಬಾಡಾನ್‌ನ ಒಡೆಯ.

ಈ ಸುದ್ದಿ ಹೇಳಿದಾಗ ನನ್ನ ಸ್ನೇಹಿತರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಅವರದ್ದು ರಾಜವಂಶನಾ?" ಅಲ್ಲ. ಇಬಾಡಾನ್‌ನಲ್ಲಿ ರಾಜವಂಶವೇ ಇಲ್ಲ. ಅಪ್ಪನಿಂದ ಮಗನಿಗೆ ಪಟ್ಟ ಹೋಗುವುದಿಲ್ಲ. ಅಲ್ಲಿರುವುದು ಒಂದು ಏಣಿ. ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಿ, ಒಂದನ್ನೂ ಹಾರಿಸದೆ, ಸರದಿ ಬಂದಾಗ ಬಂದಾಗ ಹತ್ತುತ್ತಾ ಹೋಗಬೇಕು. ನಾನು ಓದಿದ್ದೂ ಕೆಮಿಕಲ್ ಎಂಜಿನಿಯರಿಂಗೇ, ಆ ಕಾರಣಕ್ಕೆ ಶುರುವಾದ ಕುತೂಹಲ ಆಮೇಲೆ ಆ ಏಣಿಯ ಕಡೆಗೆ ತಿರುಗಿತು, ಈಗ ಅದರ ಬಗ್ಗೆ ಮಾತಾಡಲು ಕೂತರೆ ನನಗೆ ನಿಲ್ಲಿಸೋಕೆ ಆಗುವುದಿಲ್ಲ.

ಅದಕ್ಕೇ ಒಂದು ಕೈಪಿಡಿಯ ಹಾಗೆ ಬರೆಯುತ್ತೇನೆ. ನೀವು ಇಬಾಡಾನ್‌ನಲ್ಲಿ ಹುಟ್ಟಿದವರು ಅಂತ ಸ್ವಲ್ಪ ಹೊತ್ತು ಅಂದುಕೊಳ್ಳಿ. ಒಲುಬಾಡಾನ್ ಆಗಬೇಕು ಅಂತ ಮನಸ್ಸಿದೆ. ಏನು ಮಾಡಬೇಕು? ಲಡೋಜಾ ಅವರ ಬದುಕನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಕೆಲಸದ ಮೇಲೆ ನೈಜೀರಿಯಾಗೆ ಹೋಗುವವರಿಗೆ ಅಲ್ಲಿನ ಪೇಪರ್‌ನಲ್ಲಿ ಬರುವ ರಾಜರ ಸುದ್ದಿ ಅರ್ಥವಾಗಲೂ ಇದು ಸಾಕಾಗುತ್ತದೆ.

ಮೊದಲು ಊರನ್ನು ತಿಳಿದುಕೊಳ್ಳಿ

ಇಬಾಡಾನ್ ಯಾರೋ ರಾಜ ಅಳೆದು ಕಟ್ಟಿಸಿದ ಊರಲ್ಲ. ಈಗಿನ ಊರು ಬೆಳೆದದ್ದು 1829ರ ಸುಮಾರಿಗೆ, ಒಂದು ದಂಡಿನ ಬೀಡಾಗಿ. ಯೊರುಬಾ ಸೀಮೆಯಲ್ಲಿ (ಅಂದರೆ ಯೊರುಬಾ ಮಾತಾಡುವ ಜನರ ನಾಡು, ನೈಜೀರಿಯಾದ ನೈಋತ್ಯ ಭಾಗ) ಆಗ ಹಳೆಯ ಒಯೊ ಸಾಮ್ರಾಜ್ಯ ಕುಸಿಯುತ್ತಿತ್ತು. ಯುದ್ಧ, ಓಡಾಟ, ಸುಟ್ಟ ಊರುಗಳು. ಒಯೊದವರು, ಇಫೆಯವರು, ಇಜೆಬುವಿನವರು, ಹೀಗೆ ಬೇರೆ ಬೇರೆ ಕಡೆಯ ಯೋಧರು ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಜಾಗದಲ್ಲಿ ಬಂದು ನೆಲೆ ನಿಂತರು. ಊರಿನ ಹೆಸರಿನ ಅರ್ಥವೂ ಅದೇ, ಹುಲ್ಲುಗಾವಲಿನ ಅಂಚು.

ಎಲ್ಲೆಲ್ಲಿಂದಲೋ ಬಂದವರಲ್ಲಿ ಯಾರ ರಕ್ತ ದೊಡ್ಡದು ಅಂತ ತೀರ್ಮಾನ ಮಾಡುವುದು ಹೇಗೆ? ಅವರು ಆ ಪ್ರಶ್ನೆಗೇ ಹೋಗಲಿಲ್ಲ. ಯಾರು ಗೆದ್ದರು, ಯಾರ ಹಿಂದೆ ಜಾಸ್ತಿ ಜನ ನಿಂತರು, ಅವರು ಮೇಲೆ. 1840ರಲ್ಲಿ ಒಶೊಗ್ಬೊ ಬಳಿ ಇಲೊರಿನ್‌ನಿಂದ ಬಂದ ಸೇನೆಯನ್ನು ಸೋಲಿಸಿದ್ದು ಇದೇ ಊರಿನವರು. ಆ ಗೆಲುವಿನ ನಂತರ ಇಡೀ ಯೊರುಬಾ ಸೀಮೆಯಲ್ಲಿ ಇಬಾಡಾನ್ ಹೆಸರು ಗಟ್ಟಿಯಾಯಿತು. ಇಬಾಡಾನ್‌ಗೂ ಬೇರೆ ಯೊರುಬಾ ಊರುಗಳ ಒಕ್ಕೂಟಕ್ಕೂ ನಡುವೆ 1877ರಲ್ಲಿ ಶುರುವಾದ ಕಿರಿಜಿ ಯುದ್ಧವಂತೂ ಪೂರ್ತಿ ಮುಗಿಯಲು 1893 ಬೇಕಾಯಿತು. ಕಿರಿಜಿ ಅನ್ನುವುದು ತೋಪಿನ ಸದ್ದಿನಿಂದ ಬಂದ ಹೆಸರು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಏಣಿಯ ಮೆಟ್ಟಿಲುಗಳ ಹೆಸರುಗಳು ಇವತ್ತಿಗೂ ದಂಡಿನ ಹೆಸರುಗಳೇ. ಬಾಲೊಗುನ್ ಅಂದರೆ ದಂಡನಾಯಕ. ಒಟುನ್ ಅಂದರೆ ಬಲಗೈ, ಒಸಿ ಅಂದರೆ ಎಡಗೈ. ಎಕೆರಿನ್ ನಾಲ್ಕನೆಯವನು, ಎಕಾರುನ್ ಐದನೆಯವನು. ಆರೆ ಒನಿಬೊನ್ ಅಂತ ಒಂದು ಮೆಟ್ಟಿಲಿದೆ, ಅದು ಬಂದೂಕಿನವರ ಮುಖ್ಯಸ್ಥನದು. ಇವತ್ತು ಆ ಹುದ್ದೆಯಲ್ಲಿ ಇರುವವರು ವಕೀಲರೋ ವ್ಯಾಪಾರಿಯೋ ಆಗಿರಬಹುದು, ಹೆಸರು ಮಾತ್ರ ಹಾಗೇ ಉಳಿದಿದೆ.

ಊರಿನ ಮುಖ್ಯಸ್ಥನನ್ನು ಮೊದಲು ಬಾಲೆ ಅನ್ನುತ್ತಿದ್ದರು. ಒಲುಬಾಡಾನ್ ಅನ್ನುವ ಪದವಿ ಬಂದದ್ದು 1936ರಲ್ಲಿ, ಅಲೆಶಿನ್‌ಲೊಯೆ ಅವರ ಕಾಲದಲ್ಲಿ.

ಮನೆತನದ ಹಿರಿಯನಾಗಿ

ಅರ್ಜಿ ಹಾಕಿ ಏಣಿ ಹತ್ತಲು ಬರುವುದಿಲ್ಲ. ಮೊದಲು ನಿಮ್ಮ ಮನೆತನದವರು ನಿಮ್ಮನ್ನು ಒಪ್ಪಬೇಕು.

ಇಬಾಡಾನ್‌ನ ಹಳೇ ಭಾಗದಲ್ಲಿ ದೊಡ್ಡ ದೊಡ್ಡ ವಠಾರಗಳಿವೆ. ಒಬ್ಬ ಹಳೆಯ ಯೋಧನ ಹೆಸರಿನಲ್ಲಿ ಒಂದು ವಠಾರ, ಅವನ ಸಂತತಿಯವರೆಲ್ಲ ಅದಕ್ಕೆ ಸೇರಿದವರು. ದುಬೈನಲ್ಲಿ ಇರಲಿ ಲಂಡನ್‌ನಲ್ಲಿ ಇರಲಿ, ಲೆಕ್ಕ ಆ ವಠಾರದ್ದೇ. ಆ ಮನೆತನದ ಹಿರಿಯನನ್ನು ಮೊಗಾಜಿ ಅನ್ನುತ್ತಾರೆ. ಮನೆಯವರೆಲ್ಲ ಕೂತು ಒಂದು ಹೆಸರು ಆರಿಸುತ್ತಾರೆ, ಒಲುಬಾಡಾನ್ ಅದನ್ನು ಒಪ್ಪಿ ಪದವಿ ಕೊಡುತ್ತಾರೆ.

ವಯಸ್ಸು ಒಂದೇ ಸಾಲುವುದಿಲ್ಲ. ಮದುವೆಗೆ, ಸಾವಿಗೆ, ಜಮೀನು ಜಗಳಕ್ಕೆ ನೀವು ಬಂದು ನಿಂತಿದ್ದೀರಾ, ಮನೆಯ ಮಕ್ಕಳ ಫೀಸು ಕಟ್ಟಲು ಕೈ ಜೋಡಿಸಿದ್ದೀರಾ, ಅದನ್ನೆಲ್ಲ ನೋಡುತ್ತಾರೆ. ಓದಿ ದೂರದ ದೇಶದಲ್ಲಿ ನೆಲೆಸಿದವನಿಗೆ ಈ ಮೆಟ್ಟಿಲೇ ಅತಿ ಕಷ್ಟ ಅಂತ ನನಗೆ ಅನಿಸುತ್ತದೆ. ಮೇಲಿನ ಮೆಟ್ಟಿಲುಗಳಿಗೆ ನಿಯಮ ಇದೆ, ಸರದಿ ಇದೆ. ಇಲ್ಲಿ ಮಾತ್ರ ನಿಮ್ಮ ಜನ ನಿಮ್ಮನ್ನು ಬೇಕು ಅನ್ನಬೇಕು.

ಲಡೋಜಾ ಹುಟ್ಟಿದ್ದು 1944ರಲ್ಲಿ, ಇಬಾಡಾನ್ ಹತ್ತಿರದ ಗಂಬಾರಿ ಅನ್ನುವ ಹಳ್ಳಿಯಲ್ಲಿ. ಇಬಾಡಾನ್ ಬಾಯ್ಸ್ ಹೈಸ್ಕೂಲಿನಲ್ಲಿ, ಆಮೇಲೆ ಒಯೊ ಊರಿನ ಒಲಿವೆಟ್ ಬ್ಯಾಪ್ಟಿಸ್ಟ್ ಹೈಸ್ಕೂಲಿನಲ್ಲಿ ಓದಿದರು. 1966ರಲ್ಲಿ ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯಕ್ಕೆ ಹೋದರು. ಅದು ಫ್ರೆಂಚ್ ಮಾತಾಡುವ ಊರು. ಮನೆಯಲ್ಲಿ ಯೊರುಬಾ, ಶಾಲೆಯಲ್ಲಿ ಇಂಗ್ಲಿಷ್, ಈಗ ಫ್ರೆಂಚ್‌ನಲ್ಲಿ ಕೆಮಿಕಲ್ ಎಂಜಿನಿಯರಿಂಗ್. ಅವರು ಅಲ್ಲಿದ್ದಾಗಲೇ ತಾಯ್ನಾಡಿನಲ್ಲಿ 1967ರಿಂದ 1970ರವರೆಗೆ ಅಂತರ್ಯುದ್ಧ ನಡೆಯಿತು. ಓದು ಮುಗಿದದ್ದು 1972ರಲ್ಲಿ. ಅದಾದ ಮೇಲೆ ಟೋಟಲ್ ಕಂಪನಿಯ ನೈಜೀರಿಯಾ ಶಾಖೆಯಲ್ಲಿ 13 ವರ್ಷ. 1985ರಲ್ಲಿ ಕೆಲಸ ಬಿಟ್ಟು ಹಡಗು ಸಾಗಣೆ, ಬ್ಯಾಂಕಿಂಗ್, ಬೇಸಾಯ ಹೀಗೆ ಹಲವು ಕಡೆ ಸ್ವಂತ ವ್ಯವಹಾರಕ್ಕೆ ಇಳಿದರು. ಅಂದರೆ ಏಣಿಗೆ ಕಾಲಿಡುವ ಹೊತ್ತಿಗೆ ಒಂದು ಪೂರ್ತಿ ವೃತ್ತಿಜೀವನವೇ ಮುಗಿದಿತ್ತು.

ಕೆಳಗಿನ ಮೆಟ್ಟಿಲು ಹಿಡಿಯಿರಿ, ಬಿಡಬೇಡಿ

ಏಣಿ ಒಂದಲ್ಲ, ಎರಡು. ಒಂದು ಒಟುನ್ ಸಾಲು, ಊರಿನ ಆಡಳಿತದ ಕಡೆಯದು. ಇನ್ನೊಂದು ಬಾಲೊಗುನ್ ಸಾಲು, ದಂಡಿನ ಕಡೆಯದು. ಎರಡರಲ್ಲೂ 20ಕ್ಕಿಂತ ಜಾಸ್ತಿ ಮೆಟ್ಟಿಲುಗಳು. ಎರಡರಲ್ಲೂ ಕೆಳಗಿನ ಮೆಟ್ಟಿಲಿನ ಹೆಸರು ಜಾಗುನ್. ಮೊಗಾಜಿಗಳ ಪೈಕಿ ಒಬ್ಬರನ್ನು ಜಾಗುನ್ ಮಾಡುತ್ತಾರೆ. ಅಲ್ಲಿಂದ ಮೇಲೆ ಯಾರಾದರೂ ತೀರಿಕೊಂಡು ಜಾಗ ಖಾಲಿಯಾದರೆ, ಆ ಸಾಲಿನಲ್ಲಿ ಅವರಿಗಿಂತ ಕೆಳಗಿದ್ದವರೆಲ್ಲ ಒಂದೊಂದು ಮೆಟ್ಟಿಲು ಮೇಲೆ. ಸರ್ಕಾರಿ ಕಚೇರಿಯ ಸೀನಿಯಾರಿಟಿ ಲಿಸ್ಟ್ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ, ಅಲ್ವಾ? ಬಡ್ತಿ ಹಾಗೇ, ನಿವೃತ್ತಿ ಮಾತ್ರ ಇಲ್ಲ.

ನನಗೆ ಕಾಣುವುದು ಬೇರೆ ಚಿತ್ರ. ತೈಲ ಶುದ್ಧೀಕರಣ ಘಟಕದಲ್ಲಿ ಡಿಸ್ಟಿಲೇಷನ್ ಕಾಲಮ್ ಅಂತ ಎತ್ತರದ ಗೋಪುರ ಇರುತ್ತದೆ. ಒಳಗೆ ಒಂದರ ಮೇಲೊಂದು ಟ್ರೇಗಳು. ಆವಿ ಒಂದೊಂದೇ ಟ್ರೇ ದಾಟಿ ಮೇಲೆ ಹೋಗಬೇಕು, ನಡುವಿನದನ್ನು ಹಾರಿ ಮೇಲಿನದಕ್ಕೆ ಹೋಗುವ ದಾರಿ ಇಲ್ಲ, ಪ್ರತಿ ಟ್ರೇಯಲ್ಲೂ ಅದು ಸ್ವಲ್ಪ ಸ್ವಲ್ಪ ಬದಲಾಗುತ್ತಾ ಹೋಗುತ್ತದೆ. ಇಬಾಡಾನ್‌ನ ಎರಡು ಸಾಲುಗಳ ಬಗ್ಗೆ ಮೊದಲ ಸಲ ಓದಿದಾಗ ಎರಡು ಗೋಪುರಗಳು ಅಕ್ಕಪಕ್ಕ ನಿಂತ ಹಾಗೆ ಕಂಡಿತು. ಮೇಲೆ ಒಂದೇ ಬಾಯಿ.

ಆ ಬಾಯಿಗೆ ಯಾವ ಸಾಲಿನವರು? ಒಂದು ಸಲ ಒಟುನ್ ಸಾಲಿನ ತುದಿಯಲ್ಲಿ ಇದ್ದವರು, ಮುಂದಿನ ಸಲ ಬಾಲೊಗುನ್ ಸಾಲಿನ ತುದಿಯಲ್ಲಿ ಇದ್ದವರು. ಕಳೆದ ಕೆಲವು ಪಟ್ಟಗಳನ್ನು ನೋಡಿ. 40ನೆಯವರು ಸ್ಯಾಮ್ಯುಯೆಲ್ ಒಡುಲಾನಾ, ಒಟುನ್ ಸಾಲು. 41ನೆಯವರು ಸಾಲಿಯು ಅಡೆತುಂಜಿ, ಬಾಲೊಗುನ್ ಸಾಲು, 2016ರಲ್ಲಿ ಪಟ್ಟ. 42ನೆಯವರು ಲೆಕನ್ ಬಾಲೊಗುನ್, 2022ರಲ್ಲಿ. ಅವರ ಹೆಸರೇ ಬಾಲೊಗುನ್ ಆದರೂ ಬಂದದ್ದು ಒಟುನ್ ಸಾಲಿನಿಂದ, ಪೇಪರ್ ಓದುವಾಗ ಇಲ್ಲಿ ಗೊಂದಲ ಮಾಡಿಕೊಳ್ಳಬೇಡಿ. 43ನೆಯವರು ಒವೊಲಾಬಿ ಒಲಾಕುಲೆಹಿನ್, ಬಾಲೊಗುನ್ ಸಾಲು, 2024ರ ಜುಲೈನಲ್ಲಿ. 44ನೆಯವರು ಒಟುನ್ ಸಾಲಿನ ಲಡೋಜಾ. ಮುಂದಿನ ಸರದಿ ಬಾಲೊಗುನ್ ಸಾಲಿನದು, ಅದು ಈಗಲೇ ಎಲ್ಲರಿಗೂ ಗೊತ್ತು. ಯೊರುಬಾ ಸೀಮೆಯ ಬೇರೆ ಎಷ್ಟೋ ಊರುಗಳಲ್ಲಿ ರಾಜ ತೀರಿಕೊಂಡರೆ ಹತ್ತಾರು ರಾಜಕುಮಾರರು ಪಟ್ಟಕ್ಕೆ ಪೈಪೋಟಿಗೆ ಇಳಿಯುತ್ತಾರೆ, ವರ್ಷಗಟ್ಟಲೆ ಕೋರ್ಟು ನಡೆಯುತ್ತದೆ. ಇಬಾಡಾನ್‌ನಲ್ಲಿ ಮುಂದಿನವರು ಯಾರು ಅನ್ನುವುದು ಮೊದಲೇ ತಿಳಿದಿರುತ್ತದೆ. ಇದನ್ನು ಆ ಊರಿನವರು ತುಂಬಾ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಲೇಬೇಕು ಅಂತ ನನಗೂ ಅನಿಸುತ್ತದೆ.

ಲಡೋಜಾ ಜಾಗುನ್ ಆದದ್ದು 1993ರಲ್ಲಿ. ಪಟ್ಟಕ್ಕೆ ಬಂದದ್ದು 2025ರಲ್ಲಿ. ನಡುವೆ 32 ವರ್ಷ. ಲೆಕ್ಕ ಹಾಕಿದರೆ ಸರಾಸರಿ ಒಂದೂವರೆ ವರ್ಷಕ್ಕೆ ಒಂದು ಮೆಟ್ಟಿಲು.

ಹಾಗಾಗಿ ಮುಖ್ಯವಾದ ಸಲಹೆ: ಬೇಗ ಶುರು ಮಾಡಿ, ಮತ್ತೆ ಆರೋಗ್ಯ ನೋಡಿಕೊಳ್ಳಿ. ಸುಮ್ನೆ ಹೇಳುತ್ತಿಲ್ಲ. ಒಡುಲಾನಾ ತೀರಿಕೊಂಡಾಗ ಅವರಿಗೆ 101. ಅಡೆತುಂಜಿಗೆ 93. ಒಲಾಕುಲೆಹಿನ್ 90 ತುಂಬಿದ ಎರಡೇ ದಿನಕ್ಕೆ, 2025ರ ಜುಲೈ 7ರಂದು ತೀರಿಕೊಂಡರು. ಪಟ್ಟದಲ್ಲಿ ಇದ್ದದ್ದು ಒಂದು ವರ್ಷಕ್ಕೂ ಕಡಿಮೆ. ಇಡೀ ಜೀವನ ಹತ್ತಿ, ಮೇಲೆ ಕೂತದ್ದು ಒಂದು ವರ್ಷವೂ ಇಲ್ಲ ಅಂದರೆ ಮನಸ್ಸಿಗೆ ಕಷ್ಟವಾಗುತ್ತದೆ. ಆದರೆ ತುದಿಯವರೆಗೆ ಬಂದು ಪಟ್ಟ ಕಾಣದೇ ಹೋದವರೂ ಇದ್ದಾರೆ, ಅವರಿಗೆ ಹೋಲಿಸಿದರೆ ಅದೂ ದೊಡ್ಡದೇ.

ಹೆಂಗಸರಿಗೆ ಬೇರೆಯೇ ಸಾಲು, ಅದರ ತುದಿಯಲ್ಲಿ ಇಯಾಲೊಡೆ. ಅವರು ಒಲುಬಾಡಾನ್‌ನ ಸಭೆಯಲ್ಲಿ ಕೂರುತ್ತಾರೆ, ಆದರೆ ಪಟ್ಟಕ್ಕೆ ಬರುವಂತಿಲ್ಲ. 19ನೇ ಶತಮಾನದಲ್ಲಿ ಎಫುನ್‌ಸೆತಾನ್ ಅನಿವುರಾ ಅನ್ನುವ ಇಯಾಲೊಡೆಯ ಬಳಿ ಇದ್ದಷ್ಟು ಹಣ, ಆಳು, ಆಯುಧ ಊರಿನ ಎಷ್ಟೋ ದಂಡನಾಯಕರ ಬಳಿಯೂ ಇರಲಿಲ್ಲ. ಅಂಥವರಿಗೂ ಆ ಬಾಗಿಲು ಮುಚ್ಚಿತ್ತು, ಇವತ್ತಿಗೂ ಮುಚ್ಚಿದೆ. ಈ ಒಂದು ವಿಷಯದಲ್ಲಿ ಏಣಿ ಬದಲಾಗಬೇಕು ಅಂತ ನನ್ನ ಅಭಿಪ್ರಾಯ.

ನಡುವೆ ಬೇರೆ ಕೆಲಸ ಮಾಡಿ, ಮಾಡಲೇಬೇಕು

ಏಣಿಯಲ್ಲಿ ಇದ್ದೀರಿ ಅಂತ ಸುಮ್ಮನೆ ಕೂರಬೇಕಿಲ್ಲ. ಮುಖ್ಯಸ್ಥರ ಪದವಿ ಇಟ್ಟುಕೊಂಡೇ ನೌಕರಿ, ವ್ಯಾಪಾರ, ರಾಜಕೀಯ ಎಲ್ಲ ನಡೆಯುತ್ತದೆ. ಲಡೋಜಾ ಬದುಕಿನ ಅತಿ ಬಿರುಸಿನ ಭಾಗ ಇದೇ.

1993ರಲ್ಲಿ ಎರಡು ಸಂಗತಿ ಒಟ್ಟಿಗೆ ಆದವು. ಜಾಗುನ್ ಆದ ವರ್ಷವೇ ಅವರು ಸೆನೆಟರ್ ಕೂಡ ಆಗಿದ್ದರು. ಆದರೆ ಅದೇ ನವೆಂಬರ್‌ನಲ್ಲಿ ಜನರಲ್ ಸಾನಿ ಅಬಾಚಾ ಅಧಿಕಾರ ಕಿತ್ತುಕೊಂಡರು, ಸೆನೆಟ್ ಮುಚ್ಚಿಹೋಯಿತು. ಜಾಗುನ್ ಪದವಿಗೆ ಏನೂ ಆಗಲಿಲ್ಲ.

ಮಿಲಿಟರಿ ಆಳ್ವಿಕೆ 1999ರಲ್ಲಿ ಮುಗಿಯಿತು. 2003ರಲ್ಲಿ ಲಡೋಜಾ, ಇಬಾಡಾನ್ ಇರುವ ಒಯೊ ರಾಜ್ಯದ ಗವರ್ನರ್ ಆಗಿ ಗೆದ್ದರು, ಮೇ 29ರಂದು ಪ್ರಮಾಣ ವಚನ. ಬೆನ್ನ ಹಿಂದೆ ನಿಂತಿದ್ದವರು ಲಮಿಡಿ ಅಡೆಡಿಬು, ಇಬಾಡಾನ್ ರಾಜಕೀಯದಲ್ಲಿ ಅವರ ಮಾತು ಮೀರುವವರು ಆಗ ಕಡಿಮೆ. 2004ರ ಹೊತ್ತಿಗೆ ಇಬ್ಬರಿಗೂ ಮುರಿದುಬಿತ್ತು. 2006ರ ಜನವರಿ 12ರಂದು ಶಾಸಕರ ಒಂದು ಗುಂಪು ಲಡೋಜಾ ಅವರನ್ನು ಪದವಿಯಿಂದ ಇಳಿಸಿತು. ಡೆಪ್ಯುಟಿ ಆಗಿದ್ದ ಅಲಾವೊ-ಅಕಾಲಾ ಗವರ್ನರ್ ಆದರು.

ಇಲ್ಲಿ ಒಂದು ಸರಳ ಲೆಕ್ಕ ಇದೆ. ಗವರ್ನರ್ ಅನ್ನು ಇಳಿಸಲು ಶಾಸನಸಭೆಯ ಮೂರರಲ್ಲಿ ಎರಡು ಪಾಲು ಸದಸ್ಯರು ಬೇಕು. ಒಟ್ಟು ಸದಸ್ಯರು 32. ಅಂದರೆ ಕಡಿಮೆ ಅಂದರೂ 22 ಬೇಕು. ಇಳಿಸಿದವರು 18 ಜನ. ಲಡೋಜಾ ಕೋರ್ಟಿಗೆ ಹೋದರು. ನವೆಂಬರ್ 1ರಂದು ಅಪೀಲು ಕೋರ್ಟು ಇಳಿಸಿದ್ದು ತಪ್ಪು ಅಂದಿತು, ಡಿಸೆಂಬರ್ 7ರಂದು ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. 11 ತಿಂಗಳ ನಂತರ ಅವರು ಮತ್ತೆ ಅದೇ ಕುರ್ಚಿಗೆ ಬಂದು ಕೂತರು. ನೈಜೀರಿಯಾದ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಓದುವ ತೀರ್ಪು ಅದು.

ಮರಳಿ ಬಂದು ಉಳಿದದ್ದು ಕೆಲವೇ ತಿಂಗಳು. 2007ರ ಮೇನಲ್ಲಿ ಅವಧಿ ಮುಗಿಯಿತು, ಪಕ್ಷ ಮತ್ತೆ ಟಿಕೆಟ್ ಕೊಡಲಿಲ್ಲ. 2011ರಲ್ಲಿ ಬೇರೆ ಪಕ್ಷದಿಂದ ನಿಂತರು, ಸೋತರು. 2015ರಲ್ಲಿ ಮತ್ತೆ ನಿಂತರು, ಮತ್ತೆ ಸೋತರು. ಗವರ್ನರ್ ಆಗಿದ್ದ ಕಾಲದ ಹಣದ ವಿಷಯಕ್ಕೆ 2008ರಲ್ಲಿ ಅವರ ಮೇಲೆ ಮೊಕದ್ದಮೆ ಹೂಡಿದ್ದರು, 2019ರಲ್ಲಿ ಕೋರ್ಟು ಅವರನ್ನು ಖುಲಾಸೆ ಮಾಡಿತು.

ಈ ಎಲ್ಲ ವರ್ಷಗಳಲ್ಲಿ ಇನ್ನೊಂದು ಕಡೆ ಏನಾಗುತ್ತಿತ್ತು? ಒಟುನ್ ಸಾಲಿನಲ್ಲಿ ಅವರ ಜಾಗ ಮೇಲೆ ಮೇಲೆ ಹೋಗುತ್ತಲೇ ಇತ್ತು. ಚುನಾವಣೆ ಸೋತಾಗಲೂ, ಕುರ್ಚಿ ಹೋದಾಗಲೂ. ವೋಟಿನಿಂದ ಬಂದದ್ದು ಬಂದ ವೇಗದಲ್ಲೇ ಹೋಯಿತು, ನಿಧಾನಕ್ಕೆ ಬಂದದ್ದು ಕೈ ಬಿಡಲಿಲ್ಲ. ಅವರ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ.

ಯಾರಾದರೂ ಏಣಿಯನ್ನೇ ಬದಲಿಸಲು ಬಂದರೆ

2017ರಲ್ಲಿ ಆಗಿನ ಗವರ್ನರ್ ಅಬಿಯೊಲಾ ಅಜಿಮೊಬಿ, ಇಬಾಡಾನ್‌ನ ಹಳೆಯ ಪದ್ಧತಿಯನ್ನು ತಿದ್ದಲು ಹೊರಟರು. ಆಗಸ್ಟ್ 27ರಂದು ಒಂದೇ ದಿನ 21 ಜನರಿಗೆ ಮಣಿ ಕಿರೀಟ ತೊಡಿಸಿ ಒಬಾ ಮಾಡಿದರು. ಒಬಾ ಅಂದರೆ ರಾಜ. ಮಣಿ ಕಿರೀಟ ಯೊರುಬಾ ಜನರಿಗೆ ಬರೀ ಒಡವೆಯಲ್ಲ. ಸಣ್ಣ ಸಣ್ಣ ಬಣ್ಣದ ಮಣಿ ಪೋಣಿಸಿದ ಎತ್ತರದ ಕಿರೀಟ, ಮುಖದ ಮುಂದೆ ಇಳಿಬಿದ್ದ ಮಣಿಯ ಎಳೆಗಳು. ಅದು ತಲೆ ಮೇಲೆ ಬಂತು ಅಂದರೆ ಆ ಮನುಷ್ಯ ಇನ್ನು ಬರೀ ಮುಖ್ಯಸ್ಥನಲ್ಲ.

ಆಗ ಒಸಿ ಒಲುಬಾಡಾನ್ ಆಗಿದ್ದ ಲಡೋಜಾ ಒಪ್ಪಲಿಲ್ಲ. ಊರಿಗೆ ಒಬ್ಬನೇ ಒಬಾ, ಅವನು ಒಲುಬಾಡಾನ್. ಏಣಿಯ ನಡುವೆಯೇ ಎಲ್ಲರೂ ಒಬಾಗಳಾದರೆ, ಮೇಲೆ ಹತ್ತುವುದು ಯಾವುದಕ್ಕೆ? ಸಾಲು ಹಿಡಿದು ನಿಂತವರಿಗೆ ಈ ಪ್ರಶ್ನೆ ತುಂಬಾ ನಿಜವಾದದ್ದು. ಅವರು ಮತ್ತೆ ಕೋರ್ಟಿಗೆ ಹೋದರು, 2018ರ ಜನವರಿಯಲ್ಲಿ ಹೈಕೋರ್ಟು ಅವರ ಪರ ಹೇಳಿತು. ಮುಂದೆ ಮೇಲ್ಮನವಿ, ರಾಜಿ, ಮತ್ತೆ ಜಗಳ ಅಂತ ವರ್ಷಗಟ್ಟಲೆ ಎಳೆಯಿತು. 2022ರಲ್ಲಿ ಲೆಕನ್ ಬಾಲೊಗುನ್ ಅವರ ಪಟ್ಟಕ್ಕೂ ಈ ಜಗಳ ಅಡ್ಡ ಬಂದಿತ್ತು.

ಕೊನೆಗೆ ಈಗಿನ ಗವರ್ನರ್ ಸೆಯಿ ಮಕಿಂಡೆ ಕಾಲದಲ್ಲಿ ಕಾನೂನು ತಿದ್ದಿದರು. ಹಿರಿಯ ಮುಖ್ಯಸ್ಥರು ಕಿರೀಟ ತೊಡಬಹುದು, ಆದರೆ ಏಣಿ ಏಣಿಯಾಗೇ ಇರುತ್ತದೆ, ಒಲುಬಾಡಾನ್ ಮೇಲೆಯೇ. ಲಡೋಜಾ ಇದಕ್ಕೂ ಮೊದಲು ಬೇಡ ಅಂದರು. 2024ರಲ್ಲಿ ಕೊನೆಗೆ ಕಿರೀಟ ತೊಟ್ಟರು. ಅಷ್ಟು ವರ್ಷ ಹಿಡಿದ ಹಟವನ್ನು ಕೊನೆಗೆ ಬಿಟ್ಟರು ಅಂತ ಕೆಲವರಿಗೆ ಬೇಸರ ಆಗಿರಬಹುದು. ನನ್ನ ಲೆಕ್ಕ ಬೇರೆ. ಆ ಹೊತ್ತಿಗೆ ಅವರು ಒಟುನ್ ಒಲುಬಾಡಾನ್, ಅಂದರೆ ತುದಿಯ ಮೆಟ್ಟಿಲಿನಲ್ಲಿ ಇದ್ದರು. ಕಿರೀಟದ ಜಗಳದಲ್ಲಿ ಸರದಿಯೇ ತಪ್ಪಿದರೆ ಹಾಳಾಗುವುದು ಬರೀ ಅವರೊಬ್ಬರದ್ದಲ್ಲ, ಇಡೀ ಸಾಲಿನ ನಂಬಿಕೆ. ಅವರು ಉಳಿಸಬೇಕಾದದ್ದನ್ನೇ ಉಳಿಸಿದರು.

ಪಟ್ಟದ ದಿನಗಳು

ಒಲುಬಾಡಾನ್ ತೀರಿಕೊಂಡ ಮೇಲೆ ಹಿರಿಯ ಮುಖ್ಯಸ್ಥರ ಸಭೆ ಸೇರಿ, ಸರದಿಯಲ್ಲಿ ಇರುವವರ ಹೆಸರನ್ನು ಗವರ್ನರ್‌ಗೆ ಕಳಿಸುತ್ತದೆ. ಗವರ್ನರ್ ಸಹಿ ಹಾಕಬೇಕು. ಒಂದು ಕಾಲಕ್ಕೆ ಲಡೋಜಾ ಕೂತಿದ್ದ ಕುರ್ಚಿಯೇ ಅದು. ಈ ಸಲ ಅಲ್ಲಿ ಕೂತವರು ಮಕಿಂಡೆ. ಅವರು ಎಲೆಕ್ಟ್ರಿಕಲ್ ಎಂಜಿನಿಯರ್.

ಪಟ್ಟದ ಬೆಳಗ್ಗೆ ಮೊದಲು ಊರಿನ ಹಳೇ ಭಾಗದ ಒಜಾಬಾಗೆ ಹೋಗಬೇಕು. ಅಲ್ಲಿ ಒಸೆಮೆಜಿ ಅನ್ನುವ ಜಾಗದಲ್ಲಿ ಲಬೊಸಿಂಡೆ ಮನೆತನದವರು ಹೊಸ ಒಲುಬಾಡಾನ್‌ಗೆ ಶಾಸ್ತ್ರ ಮಾಡಿಸುತ್ತಾರೆ. ನೀವು ಮುಸ್ಲಿಮರಾಗಿರಲಿ ಕ್ರೈಸ್ತರಾಗಿರಲಿ, ಇದು ಊರಿನ ಶಾಸ್ತ್ರ, ಮಾಡಿಸಿಕೊಳ್ಳಬೇಕು. ಲಡೋಜಾ ಮುಸ್ಲಿಮರು, ಒಡುಲಾನಾ ಕ್ರೈಸ್ತರಾಗಿದ್ದರು. ತಲೆಗೆ ಅಕೊಕೊ ಗಿಡದ ಎಲೆ ಸಿಕ್ಕಿಸುತ್ತಾರೆ. ಯೊರುಬಾ ಸೀಮೆಯಲ್ಲಿ ಆ ಎಲೆ ತಲೆಗೆ ಬಂದರೆ ಪದವಿ ಬಂದ ಹಾಗೆ.

ಆಮೇಲೆ ಮಾಪೊ ಹಾಲ್. ಗುಡ್ಡದ ಮೇಲೆ ದಪ್ಪ ಕಂಬಗಳ ದೊಡ್ಡ ಕಟ್ಟಡ, 1929ರಲ್ಲಿ ಉದ್ಘಾಟನೆಯಾದದ್ದು. ಬ್ರಿಟಿಷರ ಕಾಲದಲ್ಲಿ ಅದನ್ನು ಕಟ್ಟಿಸಿದವರು ರಾಬರ್ಟ್ ಜೋನ್ಸ್, ಊರಿನವರ ಬಾಯಲ್ಲಿ ಟ್ಯಾಫಿ. ಅವರೂ ಎಂಜಿನಿಯರ್. ಹೀಗೆ ಒಬ್ಬ ಎಂಜಿನಿಯರ್ ಕಟ್ಟಿದ ಕಟ್ಟಡದಲ್ಲಿ, ಒಬ್ಬ ಎಂಜಿನಿಯರ್ ಗವರ್ನರ್, ಮತ್ತೊಬ್ಬ ಎಂಜಿನಿಯರ್ ಕೈಗೆ ರಾಜದಂಡ ಕೊಟ್ಟರು. ದೇಶದ ಅಧ್ಯಕ್ಷ ಬೋಲಾ ತಿನುಬು ಕೂಡ ಬಂದಿದ್ದರು. ಇಬಾಡಾನ್‌ಗೆ ಪ್ರತ್ಯೇಕ ರಾಜ್ಯ ಬೇಕು ಅನ್ನುವ ಹಳೇ ಬೇಡಿಕೆಯನ್ನು ಹೊಸ ಒಲುಬಾಡಾನ್ ಅಧ್ಯಕ್ಷರ ಮುಂದೆಯೇ ಇಟ್ಟರು.

ಪಟ್ಟ ಬಂತು, ಅಧಿಕಾರ? ನೈಜೀರಿಯಾದ ಸಂವಿಧಾನ ಸಾಂಪ್ರದಾಯಿಕ ರಾಜರಿಗೆ ಆಡಳಿತದ ಅಧಿಕಾರ ಕೊಟ್ಟಿಲ್ಲ. ಜಮೀನಿನ ವ್ಯಾಜ್ಯ, ಮನೆತನಗಳ ಜಗಳ, ಮೊಗಾಜಿಗಳ ನೇಮಕ, ಪದವಿ ಕೊಡುವುದು, ಊರಿನ ಪರ ಮಾತಾಡುವುದು, ಇದೆಲ್ಲ ನಿಮ್ಮ ಕೆಲಸ. ಬೆಳಗ್ಗೆಯಿಂದ ಸಂಜೆವರೆಗೆ ಜನ ಬರುತ್ತಲೇ ಇರುತ್ತಾರೆ. ಹಿಂದೆ ಒಲುಬಾಡಾನ್‌ಗೆ ಅಂತ ಒಂದೇ ಅರಮನೆ ಇರಲಿಲ್ಲ, ಯಾರು ಪಟ್ಟಕ್ಕೆ ಬಂದರೋ ಅವರ ಮನೆಯೇ ಅರಮನೆ. ಅಡೆತುಂಜಿ ಕಾಲದಲ್ಲಿ ಜನ ಹೋಗುತ್ತಿದ್ದದ್ದು ಪೊಪೊಯೆಮೊಜಾ ಬಡಾವಣೆಯ ಅವರ ಮನೆಗೆ.

ನೀವು ಬರೀ ನೋಡಲು ಹೋಗುವವರಾದರೆ

ಒಲುಬಾಡಾನ್ ಮುಂದೆ ಹೆಸರು ಹಿಡಿದು ಮಾತಾಡಿಸಬೇಡಿ. "ಕಾಬಿಯೆಸಿ" ಅನ್ನಬೇಕು. ಪ್ರಶ್ನೆ ಮಾಡಲು ಆಗದವರು ಅನ್ನುವುದು ಅದರ ಅರ್ಥ ಅಂತ ಹೇಳುತ್ತಾರೆ. ಯೊರುಬಾ ಗಂಡಸರು ನೆಲಕ್ಕೆ ಮೈ ಚಾಚಿ ಅಡ್ಡ ಬೀಳುತ್ತಾರೆ, ಹೆಂಗಸರು ಮಂಡಿ ಊರುತ್ತಾರೆ. ಹೊರಗಿನವರು ಚೆನ್ನಾಗಿ ತಲೆ ಬಾಗಿದರೂ ನಡೆಯುತ್ತದೆ. ನಮ್ಮ ಸಾಷ್ಟಾಂಗ ನಮಸ್ಕಾರ ಅಲ್ಲಿ ಯಾರಿಗೂ ವಿಚಿತ್ರ ಅನಿಸುವುದಿಲ್ಲ, ಮನಸ್ಸು ಬಂದರೆ ಮಾಡಿ. ಟೋಪಿ ತೆಗೆಯಿರಿ. ಅವರಾಗಿ ಕೈ ಚಾಚದೆ ಕೈಕುಲುಕಲು ಹೋಗಬೇಡಿ. ಬರಿಗೈಯಲ್ಲಿ ಹೋಗಬೇಡಿ, ಕೋಲಾ ಕಾಯಿ ಒಯ್ದರೂ ಸಾಕು.

ಹೊರಗೆ ಬಂದ ಮೇಲೆ ಅಮಲಾ ತಿನ್ನಿ. ಒಣಗಿಸಿದ ಗೆಣಸಿನ ಜಾತಿಯ ಗಡ್ಡೆಯ ಹಿಟ್ಟನ್ನು ಬಿಸಿ ನೀರಿನಲ್ಲಿ ತೊಳಸಿ ಮಾಡುವ ಕಂದು ಬಣ್ಣದ ಮುದ್ದೆ. ಜೊತೆಗೆ ಗ್ಬೆಗಿರಿ ಅನ್ನುವ ಬೇಳೆ ಸಾರು, ಎವೆಡು ಅನ್ನುವ ಲೋಳೆ ಲೋಳೆ ಸೊಪ್ಪಿನ ಸಾರು. ರಾಗಿ ಮುದ್ದೆ ನುಂಗಿ ಬೆಳೆದವರಿಗೆ ಹೇಗೆ ತಿನ್ನಬೇಕು ಅಂತ ಹೇಳಿಕೊಡಬೇಕಿಲ್ಲ. ಬಲಗೈಯಲ್ಲಿ ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗುವುದು.

ಊಟದ ಮನೆಯಲ್ಲಿ ಪಕ್ಕದಲ್ಲಿ ಕೂತವರು ಇಬಾಡಾನ್‌ನವರೇ ಆಗಿದ್ದು, ಸ್ವಲ್ಪ ವಯಸ್ಸಾದವರಾದರೆ, ಒಂದು ಪ್ರಶ್ನೆ ಕೇಳಿ. ನಿಮ್ಮ ಮನೆತನ ಯಾವ ಸಾಲಿನದು, ನಿಮ್ಮ ಕಡೆಯವರು ಈಗ ಎಷ್ಟನೇ ಮೆಟ್ಟಿಲಿನಲ್ಲಿ ಇದ್ದಾರೆ? ಲಡೋಜಾ ಮೇಲೆ ಹೋದಾಗ ಒಟುನ್ ಸಾಲಿನವರೆಲ್ಲ ಒಂದೊಂದು ಮೆಟ್ಟಿಲು ಏರುವ ಸರದಿ ಬಂತು, ಕೆಳಗೆ ಒಂದು ಜಾಗುನ್ ಜಾಗ ಖಾಲಿಯಾಯಿತು. ಅದು ಯಾರ ಮನೆಗೆ ಹೋಯಿತು ಅಂತಲೂ ಕೇಳಿ. ಕೈ ತೊಳೆಯುವಷ್ಟರಲ್ಲಿ ಮುಗಿಯುವ ಮಾತಲ್ಲ ಅದು, ಸಮಯ ಇಟ್ಟುಕೊಂಡು ಕೂತುಕೊಳ್ಳಿ.